ಧರ್ಮಣ್ಣನ ಬಲಗಾಲಿನ ಬೇಸಿಗೆ

ಹೋದ ತಿಂಗಳು ನನಗೆ ಹರ್ನಿಯಾ ಆಪರೇಷನ್ ಆಯಿತು. ದೊಡ್ಡ ಸಂಗತಿ ಏನಲ್ಲ ಬಿಡಿ, ನನ್ನ ವಯಸ್ಸಿನವರಿಗೆ ಹಲ್ಲು ಬೀಳುವಷ್ಟೇ ಮಾಮೂಲು. ಆಪರೇಷನ್ ಕೋಣೆಯ ಹೊರಗೆ ಹಸಿರು ಅಂಗಿ ಹಾಕಿಸಿ ಕೂರಿಸಿದ್ದರು. ಒಳಗಿನಿಂದ ಸ್ಪಿರಿಟ್ಟಿನ ವಾಸನೆ ಬರುತ್ತಿತ್ತು. ಮತ್ತಿನ ಮದ್ದು ಕೊಡುವ ಡಾಕ್ಟರು ಎದುರು ಬಂದು ನಿಂತದ್ದೇ ತಡ, ನಾನು ದೊಡ್ಡದಾಗಿ ಬಾಯಿ ತೆರೆದು ನಾಲಿಗೆ ಹೊರಗೆ ಹಾಕಿ ತೋರಿಸಿದೆ. ಪಾಪ, ಅವರಿನ್ನೂ ಕೇಳಿರಲೇ ಇಲ್ಲ. "ಎಂತದು ಇದು?" ಅಂದರು. "ಬಾಯಿ ಖಾಲಿ ಇದೆ ಸಾರ್, ಸರಿಯಾಗಿ ನೋಡ್ಕಳಿ," ಅಂದೆ. ಪಕ್ಕದಲ್ಲಿದ್ದ ನರ್ಸು ನಕ್ಕಳು. ನನಗೆ ನಗು ಬರಲಿಲ್ಲ. ಆ ವಾಸನೆ ಮೂಗಿಗೆ ಬಡಿದಾಗಿನಿಂದ ನಾನು ಅಲ್ಲಿ ಇರಲೇ ಇಲ್ಲ. ಕೊಪ್ಪದ ಒಂದು ಸಣ್ಣ ಆಸ್ಪತ್ರೆಯ ಬೆಂಚಿನ ಮೇಲೆ ಧರ್ಮಣ್ಣನ ಪಕ್ಕ ಕೂತಿದ್ದೆ.

ಧರ್ಮಣ್ಣ ನಮ್ಮ ಬಸ್ಸಿನ ಡ್ರೈವರ್, ನಾನು ಕಂಡಕ್ಟರ್. ಎರಡು ಸಾವಿರದ ಐದೋ ಆರೋ ಇರಬೇಕು. ಮೊಬೈಲು ಬಂದಿತ್ತು, ಸಿಗ್ನಲ್ಲು ಬಂದಿರಲಿಲ್ಲ, ಅಷ್ಟು ನೆನಪಿದೆ. ಬೆಳಿಗ್ಗೆ ನರಸಿಂಹರಾಜಪುರದಿಂದ ಹೊರಟು ಕೊಪ್ಪ, ಕೊಪ್ಪದಿಂದ ಶೃಂಗೇರಿ, ಸಂಜೆ ಅದೇ ದಾರಿಯಲ್ಲಿ ವಾಪಸ್ಸು. ಖಾಸಗಿ ಬಸ್ಸು. ಒಳಗೆ ಜನ, ಟಾಪಿನ ಮೇಲೆ ಹಲಸಿನಕಾಯಿ, ಗೊಬ್ಬರದ ಚೀಲ, ಮದುವೆ ಮನೆಯ ಪಾತ್ರೆ. ಹತ್ತು ವರ್ಷಕ್ಕೂ ಮೀರಿ ನಾವಿಬ್ಬರೂ ಒಂದೇ ಬಸ್ಸಿನಲ್ಲಿ ದುಡಿದವರು. ನನ್ನ ಹೆಂಡತಿಯ ಮುಖ ನೋಡಿದ್ದಕ್ಕಿಂತ ಧರ್ಮಣ್ಣನ ಬೆನ್ನು ನೋಡಿದ್ದೇ ಜಾಸ್ತಿ ಅಂತ ನಮ್ಮ ಮನೆಯಲ್ಲಿ ಈಗಲೂ ಆಡಿಕೊಳ್ಳುತ್ತಾರೆ.

ಮನುಷ್ಯ ಮಾತು ಕಮ್ಮಿ, ಕವಳ ಜಾಸ್ತಿ. ಎಲೆಗೆ ಸುಣ್ಣ ಹಚ್ಚಿ, ಅಡಿಕೆ ಹೋಳು ಇಟ್ಟು, ಮಡಚಿ ದವಡೆಗೆ ಒತ್ತಿಕೊಳ್ಳದೆ ಗಾಡಿ ಸ್ಟಾರ್ಟ್ ಮಾಡಿದ್ದನ್ನು ನಾನು ಕಂಡಿಲ್ಲ. ಹಾರ್ನ್ ಅನಾವಶ್ಯಕ ಹೊಡೆಯುತ್ತಿರಲಿಲ್ಲ. ದಾರಿಯಲ್ಲಿ ದನ ಮಲಗಿದ್ದರೆ ಗಾಡಿ ನಿಲ್ಲಿಸಿ ಇಳಿದು ಹೋಗಿ ಎಬ್ಬಿಸಿ ಬರುತ್ತಿದ್ದರು. "ಧರ್ಮಣ್ಣನ ಬಸ್ಸಾ? ಹಂಗಾದ್ರೆ ತುಂಬು ಬಸುರೀನೂ ಕಳಿಸ್ಬಹುದು" ಅಂತ ಕಡಹಿನಬೈಲಿನ ಒಬ್ಬ ಅಜ್ಜಿ ತನ್ನ ಮಗಳನ್ನು ಹತ್ತಿಸಿದ್ದಳು. ನನಗೆ ಅದು ನನಗೇ ಸಿಕ್ಕ ಸನ್ಮಾನದ ಹಾಗೆ ಇತ್ತು.

ಆ ಬೇಸಿಗೆ ಶುರುವಾಗುವಾಗಲೇ ಅವರ ಸೊಂಟ ಕೈಕೊಟ್ಟಿತ್ತು. ನಮ್ಮ ರಸ್ತೆ, ನಮ್ಮ ಬಸ್ಸಿನ ಸೀಟು, ಇಂಜಿನ್ನಿನ ಬಿಸಿ ಎಲ್ಲ ಸೇರಿದರೆ ಯಾರ ಸೊಂಟ ತಾನೇ ಉಳಿಯುತ್ತದೆ? ಸೊಂಟದಿಂದ ಬಲಗಾಲಿನ ಹೆಬ್ಬೆರಳ ತನಕ ಕರೆಂಟು ಹೊಡೆದಂಗೆ ಆಗ್ತದೆ ಅನ್ನುತ್ತಿದ್ದರು. ಬೆನ್ನಿಗೆ ಗೋಣಿ ಮಡಚಿ ಇಟ್ಟುಕೊಂಡರು, ಬೆಲ್ಟು ಕಟ್ಟಿದರು, ಎಣ್ಣೆ ತಿಕ್ಕಿಸಿಕೊಂಡರು. ನಾಟಿ ಔಷಧಿಯವರು ಸೊಪ್ಪು ಅರೆದು ಕಟ್ಟಿದ ವಾಸನೆಗೆ ಮುಂದಿನ ಸೀಟಿನ ಹೆಂಗಸರು ಹಿಂದೆ ಹೋಗಿ ಕೂತರು. ಆಮೇಲೆ ಒಂದು ದಿನ ನೋವು ಕಮ್ಮಿಯಾಯಿತು ಅಂದರು. ನಾನು ಖುಷಿಪಟ್ಟೆ. ಅದು ಖುಷಿಪಡುವ ಸಂಗತಿ ಅಲ್ಲ ಅಂತ ನನಗೇನು ಗೊತ್ತು.

ಶೃಂಗೇರಿ ಸ್ಟ್ಯಾಂಡಿನಲ್ಲಿ ಊಟಕ್ಕೆ ಇಳಿದಾಗ ಅವರ ಬಲಗಾಲಿನ ಚಪ್ಪಲಿ ಬಸ್ಸಿನ ಮೆಟ್ಟಿಲ ಮೇಲೇ ಉಳಿದಿತ್ತು. ಸುಡುವ ನೆಲದ ಮೇಲೆ ಒಂದು ಕಾಲು ಬರಿಗಾಲಲ್ಲಿ ಹೋಟೆಲಿನ ತನಕ ನಡೆದು ಹೋಗಿದ್ದರು. ನಾನು ಚಪ್ಪಲಿ ಎತ್ತಿಕೊಂಡು ಓಡಿದೆ. "ಎಂತ ಮಾರಾಯ್ರೆ, ಕಾಲು ಸುಡ್ಲಿಲ್ವಾ?" ಅಂದೆ. ಅವರು ಕೆಳಗೆ ಬಗ್ಗಿ ತಮ್ಮ ಪಾದವನ್ನು ನೋಡಿಕೊಂಡರು, ಬೇರೆ ಯಾರದ್ದೋ ಪಾದವನ್ನು ನೋಡುವ ಹಾಗೆ. ಅವತ್ತು ಊಟವನ್ನೂ ಸರಿಯಾಗಿ ಮಾಡಲಿಲ್ಲ.

ಅದಾದ ವಾರದೊಳಗೆ ಒಂದು ಇಳಿಜಾರಿನ ಸ್ಟಾಪಿನಲ್ಲಿ ಬಸ್ಸು ನಿಲ್ಲಬೇಕಾದಲ್ಲಿ ನಿಲ್ಲಲಿಲ್ಲ. ಹಾಲಿನ ಕ್ಯಾನ್ ಹಿಡಿದು ನಿಂತಿದ್ದ ಹೆಂಗಸರು ಹಿಂದಕ್ಕೆ ಹಾರಿದರು. ಒಂದು ಕ್ಯಾನು ಉರುಳಿ ಹಾಲು ಚೆಲ್ಲಿತು. ಬಸ್ಸು ಮುಂದೆ ಹೋಗಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ, ದೇವರು ದೊಡ್ಡವನು. "ಬ್ರೇಕ್ ಸ್ವಲ್ಪ ಸಡ್ಲ ಇದೆ," ಅಂದರು ಧರ್ಮಣ್ಣ ಜನರಿಗೆ. ಜನ ನಂಬಿದರು. ಧರ್ಮಣ್ಣ ಹೇಳಿದ ಮೇಲೆ ಮುಗೀತಲ್ಲ.

ಕೊಪ್ಪದಲ್ಲಿ ಎಲ್ಲರೂ ಇಳಿದ ಮೇಲೆ ಅವರು ಸೀಟಿನಿಂದ ಏಳಲಿಲ್ಲ. ನಾನು ಹತ್ತಿರ ಹೋದೆ. "ಸುಂದ್ರ, ಬ್ರೇಕ್ ಸರಿಯಾಗೇ ಇದೆ," ಅಂದರು. "ಆಕ್ಸಿಲೇಟರಿಂದ ಕಾಲು ಎತ್ತಿ ಬ್ರೇಕಿಗೆ ಹಾಕ್ಬೇಕಲ್ಲ. ಎತ್ತಿದೀನಿ ಅಂದ್ಕಂಡೆ. ನೋಡ್ತೀನಿ, ಕಾಲು ಅಲ್ಲೇ ಇದೆ." ಅವತ್ತೇ ಗಾಡಿ ನಿಲ್ಲಿಸಿ ಮಾಲೀಕರಿಗೆ ಫೋನ್ ಮಾಡಿದೆವು. ಮಾರನೇ ದಿನದಿಂದ ಬದಲಿ ಡ್ರೈವರ್ ಬಂದ.

ಸ್ಕ್ಯಾನಿಂಗ್ ಅದು ಇದು ಎಲ್ಲ ಶಿವಮೊಗ್ಗದಲ್ಲಿ ಆಯಿತು. ಬೆನ್ನುಮೂಳೆಯ ನಡುವಿನ ಬಿಲ್ಲೆಯೊಂದು ಜಾರಿ ನರದ ಮೇಲೆ ಕೂತಿದೆ, ಅದನ್ನು ತೆಗೆಯಬೇಕು, ತಡ ಮಾಡಿದರೆ ಪಾದ ಎತ್ತುವ ಶಕ್ತಿ ಪೂರ್ತಿ ಹೋಗುತ್ತದೆ ಅಂದರು ಬೆನ್ನಿನ ಸರ್ಜನ್ನು. ಅವರು ಹದಿನೈದು ದಿನಕ್ಕೊಮ್ಮೆ ಕೊಪ್ಪದ ಆಸ್ಪತ್ರೆಗೆ ಬಂದು ಆಪರೇಷನ್ ಮಾಡಿ ಹೋಗುತ್ತಿದ್ದರು. ಅಲ್ಲೇ ಮಾಡಿಸುವುದು ಅಂತ ಆಯಿತು.

ಸರ್ಜನ್ ಜೊತೆ ಮತ್ತಿನ ಮದ್ದು ಕೊಡುವ ಡಾಕ್ಟರಮ್ಮ ಒಬ್ಬರು ಬರುತ್ತಿದ್ದರು. ದಾವಣಗೆರೆ ಕಡೆಯವರು, ಸಣ್ಣ ವಯಸ್ಸು, ಮಾತು ಮಾತ್ರ ಖಡಕ್. ಆಪರೇಷನ್ನಿಗೆ ಮೊದಲಿನ ಸಲ ಬಂದಾಗಲೇ ಧರ್ಮಣ್ಣನನ್ನೂ ಅವರ ಹೆಂಡತಿ ಲೀಲಕ್ಕನನ್ನೂ ನನ್ನನ್ನೂ ಕೂರಿಸಿಕೊಂಡು ಬಿಡಿಸಿ ಹೇಳಿದರು. "ನೋಡ್ರೀ, ಎರಡು ದಾರಿ ಅದಾವ. ಒಂದು, ಪೂರ್ತಿ ಮತ್ತು. ನಿಮಗೇನೂ ಗೊತ್ತಾಗಂಗಿಲ್ಲ. ಗಂಟಲಿಗೆ ನಳಿಗೆ ಹಾಕಿ ಮಷೀನಿಂದ ಉಸಿರು ಕೊಡ್ತೀವಿ. ಎದ್ದಮ್ಯಾಲೆ ಒಂದೆರಡು ದಿನ ಗಂಟಲು ನೋವು, ಒಂದೀಟು ವಾಂತಿ ಬಂದಂಗ ಆಗಬಹುದು. ಇನ್ನೊಂದು, ಬೆನ್ನಿಗೆ ಇಂಜೆಕ್ಷನ್. ಸೊಂಟದ ಕೆಳಗೆ ಮಾತ್ರ ಜೋಮು. ಎಚ್ಚರ ಇರ್ತೀರಿ, ಉಸಿರು ನಿಮ್ದೇ. ಬಿ.ಪಿ. ಕೆಳಗ ಬೀಳಬಹುದು, ಅದನ್ನ ನಾ ನೋಡ್ಕೋತೀನಿ. ಕೆಲವರಿಗೆ ಆಮ್ಯಾಲೆ ತಲೆನೋವು ಬರ್ತತಿ."

"ಯಾವುದು ಒಳ್ಳೇದು ಡಾಕ್ಟ್ರೇ?" ಅಂತ ಕೇಳಿದೆ ನಾನು.

"ಎರಡೂ ಒಳ್ಳೇವೇ. ಯಾರಿಗೆ ಯಾವ್ದು ಅನ್ನೋದಷ್ಟೇ ಪ್ರಶ್ನೆ. ಇವರಿಗೆ ನಾನು ಪೂರ್ತಿ ಮತ್ತು ಅಂತೀನಿ. ಯಾಕಂದ್ರ, ಎದ್ದ ಕೂಡ್ಲೆ 'ಹೆಬ್ಬೆರಳು ಎತ್ರೀ' ಅಂತ ಹೇಳಿ ಕಾಲು ನೋಡಬಹುದು. ಬೆನ್ನಿಗೆ ಕೊಟ್ರ ಆ ಮದ್ದು ಇಳಿಯೋ ತನಕ ಕಾಲು ಅದಾವೋ ಇಲ್ಲೋ ಗೊತ್ತಾಗಂಗಿಲ್ಲ. ಕಾಯಬೇಕು."

ಕಾಯಬೇಕು ಅನ್ನುವ ಮಾತಿಗೆ ಧರ್ಮಣ್ಣನ ಮುಖ ಸಪ್ಪಗಾಯಿತು. "ಪೂರ್ತಿ ಮತ್ತೇ ಕೊಡಿ," ಅಂದರು. "ಎರಡೂ ಕಾಲು ಸತ್ತು ಬಿದ್ದಿರೋದನ್ನ ಎಚ್ಚರಿದ್ದು ಅನುಭವಿಸ್ಲಿಕ್ಕೆ ನನ್ ಕೈಲಾಗಲ್ಲ." ಲೀಲಕ್ಕನದು ಬೇರೆ ಲೆಕ್ಕ. ಅವರ ಅಣ್ಣ ಒಬ್ಬರು ದೂರದ ಊರಲ್ಲಿ ಯಾವುದೋ ಆಪರೇಷನ್ನಿಗೆ ಅಂತ ಮಲಗಿದವರು ಏಳಲೇ ಇಲ್ಲವಂತೆ. "ಕಾಲು ಹೋದ್ರೂ ಕೋಲು ಹಿಡ್ಕಂಡು ನಡೀಬಹುದು ಡಾಕ್ಟ್ರೇ. ಮನುಷ್ಯ ಎಚ್ಚರ ಇರ್ಲಿ," ಅಂದರು. ಧರ್ಮಣ್ಣ, "ಕೋಲು ಹಿಡ್ಕಂಡು ಬಸ್ ಬಿಡ್ಲಿಕ್ಕಾಗ್ತದಾ?" ಅಂತ ಸಿಡುಕಿದರು. ಅವರು ಹೆಂಡತಿಯ ಮೇಲೆ ಸಿಡುಕಿದ್ದನ್ನು ಮೊದಲ ಸಲ ಕೇಳಿದೆ. ಲೀಲಕ್ಕ ಸೆರಗು ಬಾಯಿಗೆ ಒತ್ತಿಕೊಂಡರು.

ಮುಂದಿನ ಹದಿನೈದು ದಿನ ನಮ್ಮ ಬಸ್ಸಿನಲ್ಲಿ ಇದೇ ಮಾತು. ಮದುವೆ ಸೀಸನ್ನು, ಒಂಟಿಕಾಲಲ್ಲಿ ನಿಲ್ಲುವಷ್ಟು ಜನ. ನಾನು ಟಿಕೆಟ್ ಕೊಡುತ್ತಾ ಹೋದಂತೆ ಒಬ್ಬೊಬ್ಬರೂ ಒಂದೊಂದು ತೀರ್ಪು ಕೊಡುತ್ತಿದ್ದರು. ಕಮ್ಮರಡಿಯ ಟೀಚರಮ್ಮ, ತನಗೆ ಹೆರಿಗೆಯಲ್ಲಿ ಬೆನ್ನಿಗೆ ಸೂಜಿ ಚುಚ್ಚಿದಾಗಿನಿಂದ ಕಸ ಗುಡಿಸಲಿಕ್ಕಾಗುವುದಿಲ್ಲ ಅಂದರು. "ಸೂಜಿಗೆ ಮೊದ್ಲು ನೀ ಯಾವಾಗ ಗುಡಿಸಿದ್ದೆ ಮಾರಾಯ್ತಿ?" ಅಂತ ಅವರ ಗಂಡ ಹಿಂದಿನ ಸೀಟಿನಿಂದ ಕೇಳಿದರು. ಮೇಗುಂದ ಕಡೆಯ ಹಿರಿಯರೊಬ್ಬರು ಪೂರ್ತಿ ಮತ್ತಿನಲ್ಲಿ ಪಿತ್ತಕೋಶದ ಕಲ್ಲು ತೆಗೆಸಿಕೊಂಡವರು. "ಏನೂ ಗೊತ್ತಾಗ್ಲಿಲ್ಲ ಸುಂದ್ರ. ಎದ್ದ ಮೇಲೆ ಮಾತ್ರ ಎರಡು ದಿನ ಹೆಂಡ್ತೀನ ಅತ್ತಿಗೆ ಅತ್ತಿಗೆ ಅಂತ ಕರೀತಿದ್ನಂತೆ," ಅಂದರು. ಕಡಹಿನಬೈಲಿನ ಒಬ್ಬ, "ಎಚ್ಚರಿದ್ದು ಕೊಯ್ಸ್ಕಳದಾ? ಕೋಳಿನೂ ಒಪ್ಪಲ್ಲ ಮಾರಾಯ," ಅಂದ. ಎಲೆಕ್ಷನ್ನಿನ ಹಾಗೆ ಎರಡು ಪಕ್ಷ ಆಗಿ ಹೋಯಿತು. ತಮಾಷೆ ಮಾಡುತ್ತಿದ್ದರೇ ಹೊರತು ಇಳಿಯುವಾಗ ಪ್ರತಿಯೊಬ್ಬರೂ ಕೇಳುತ್ತಿದ್ದುದು ಒಂದೇ ಮಾತು: "ಅಣ್ಣ ಮತ್ತೆ ಗಾಡಿ ಬಿಡ್ತಾರಾ?" ನಾನು "ಬಿಡ್ತಾರೆ, ಬಿಡ್ದೆ ಎಂತ" ಅನ್ನುತ್ತಿದ್ದೆ. ಅಷ್ಟು ಗಟ್ಟಿಯಾಗಿ ಹೇಳುವಾಗ ನನಗೇ ಒಳಗೆ ಅಳುಕು. ಬದಲಿ ಡ್ರೈವರ್ ಕೆಟ್ಟವನಲ್ಲ. ಆದರೆ ಎದುರಿಗೆ ಕಾಣುವ ಬೆನ್ನು ಬೇರೆ ಆಗಿತ್ತಲ್ಲ, ನನಗೆ ಬಸ್ಸೇ ಬೇರೆ ಅನಿಸುತ್ತಿತ್ತು.

ಆಪರೇಷನ್ ದಿನ ನಾನು ರಜೆ ಹಾಕಿದೆ. ಹಿಂದಿನ ವಾರ ಹೂಮಳೆ ಬಿದ್ದು ಕಾಫಿ ತೋಟಗಳೆಲ್ಲ ಬೆಳ್ಳಗೆ ಅರಳಿದ್ದವು. ಆಸ್ಪತ್ರೆಯ ಕಿಟಕಿಯಿಂದ ಆ ಪರಿಮಳ, ಒಳಗಿನಿಂದ ಸ್ಪಿರಿಟ್ಟು. ಎರಡೂ ಸೇರಿ ತಲೆ ಸುತ್ತುತ್ತಿತ್ತು. ಮುಂಚೆಯೇ ಹೇಳಿ ಕಳಿಸಿದ್ದರು, ಬೆಳಿಗ್ಗೆಯಿಂದ ಏನೂ ತಿನ್ನಬಾರದು, ಏನೂ ಕುಡಿಯಬಾರದು ಅಂತ. ನರ್ಸು ಕೇಳಿದಾಗಲೂ ಧರ್ಮಣ್ಣ, "ಇಲ್ಲ, ಖಾಲಿ ಹೊಟ್ಟೆ," ಅಂದರು. ಸುಳ್ಳು ಹೇಳುವ ಮನುಷ್ಯ ಅಲ್ಲ. ನಾನೂ ಸಾಕ್ಷಿ ಹೇಳಿದೆ.

ಡಾಕ್ಟರಮ್ಮ ಬಂದರು. "ಬಾಯಿ ತೆಗೀರಿ, ನಳಿಗೆ ಹಾಕೋಕೆ ಗಂಟಲು ನೋಡ್ಬೇಕು," ಅಂದರು. ಧರ್ಮಣ್ಣ ಬಾಯಿ ತೆರೆದರು. ಡಾಕ್ಟರಮ್ಮ ಟಾರ್ಚ್ ಹಿಡಿದವರು ಹಾಗೇ ನಿಂತುಬಿಟ್ಟರು. ಒಳಗೆಲ್ಲ ಕೆಂಪು. ದವಡೆಯಲ್ಲಿ ಕವಳ ಕೂತಿತ್ತು.

"ಏನ್ರೀ ಇದು?"

"ಕವಳ," ಅಂದರು ಧರ್ಮಣ್ಣ.

"ಏನೂ ತಿಂದಿಲ್ಲ ಅಂದ್ರಲ್ರೀ."

"ತಿಂದಿಲ್ಲ ಡಾಕ್ಟ್ರೇ. ಕವಳ ಹಾಕಿದೀನಿ."

ನನಗೂ ಆಗಲೇ ಹೊಳೆದದ್ದು. ನಮ್ಮ ಕಡೆ ಕವಳವನ್ನು ತಿಂಡಿಯ ಲೆಕ್ಕಕ್ಕೆ ಹಿಡಿದವರು ಯಾರು? ಉಪವಾಸದ ದಿನವೂ ಬಾಯಲ್ಲಿ ಇರುತ್ತದೆ, ಹೊಲ ಉಳುವಾಗಲೂ ಇರುತ್ತದೆ, ಸಾವಿನ ಮನೆಯಲ್ಲೂ ತಟ್ಟೆ ಮುಂದಿಡುತ್ತಾರೆ. ಬೆಳಿಗ್ಗೆಯಿಂದ ಅವರ ಪಕ್ಕದಲ್ಲೇ ಕೂತಿದ್ದ ನನ್ನ ಕಣ್ಣಿಗೂ ಅದು ಬಿದ್ದಿರಲಿಲ್ಲ. ಮೂಗು ಮುಖದಲ್ಲಿದೆ ಅಂತ ಯಾರಾದರೂ ಗಮನಿಸುತ್ತಾರಾ?

"ಅದರ ರಸ ಎಲ್ಲಿ ಹೋತು?" ಅಂತ ಕೇಳಿದರು ಡಾಕ್ಟರಮ್ಮ.

"ನುಂಗಿದೆ. ಆಸ್ಪತ್ರೇಲಿ ಉಗೀಬಾರ್ದಲ್ಲ," ಅಂದರು ಧರ್ಮಣ್ಣ, ಬಹಳ ಮರ್ಯಾದೆಯಿಂದ. "ಬಾಯಿ ಒಗರಾತು ಅಂತ ಒಂದ್ ಲೋಟ ನೀರೂ ಕುಡ್ದೆ."

ಲೀಲಕ್ಕ ಮುಂದೆ ಬಂದು, "ನಾನೇ ಮಡಚಿ ಕೊಟ್ಟಿದ್ದು. ಬರೀ ಎಲೆ ಅಡಿಕೆ ಡಾಕ್ಟ್ರೇ, ಹೊಗೆಸೊಪ್ಪು ಹಾಕಿಲ್ಲ," ಅಂತ ಸಮಾಧಾನ ಹೇಳಿದರು. ಡಾಕ್ಟರಮ್ಮ ಹಣೆ ಹಣೆ ಚಚ್ಚಿಕೊಂಡರು. ಪೂರ್ತಿ ಮತ್ತಿನಲ್ಲಿ ಮೈಮರೆತಾಗ ಹೊಟ್ಟೆಯಲ್ಲಿರುವುದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಅಪಾಯ ಅಂತ ಬೈದರು. ಸರ್ಜನ್ ಬಂದು ವಿಷಯ ಕೇಳಿ, "ಮುಂದಿನ ಸಲ ನೋಡೋಣ," ಅಂತ ಕೈಗವಸು ಬಿಚ್ಚಲಿಕ್ಕೆ ಹೊರಟರು. ಮಧ್ಯಾಹ್ನದ ಮೇಲೆ ಅವರಿಗೆ ಶಿವಮೊಗ್ಗದಲ್ಲಿ ಬೇರೆ ಆಪರೇಷನ್ ಇತ್ತು. ಮುಂದಿನ ಸಲ ಅಂದರೆ ಇನ್ನೂ ಹದಿನೈದು ದಿನ. ಡಾಕ್ಟರಮ್ಮ ಧರ್ಮಣ್ಣನ ಬಲ ಪಾದದ ಮೇಲೆ ತಮ್ಮ ಬೆರಳಿಟ್ಟು, "ಎತ್ರೀ," ಅಂದರು. ಪಾದ ಅಲ್ಲಾಡಿತೇ ಹೊರತು ಏಳಲಿಲ್ಲ. ಹೋದ ಸಲ ಇಷ್ಟು ಕೆಟ್ಟಿರಲಿಲ್ಲ. "ಸರ್, ಈ ಕಾಲು ಮುಂದಿನ ಸಲದ ತನಕ ಇರಂಗಿಲ್ಲ," ಅಂದರು ಸರ್ಜನ್ನಿಗೆ. "ಬೆನ್ನಿಗೆ ಕೊಡ್ತೀನಿ. ಎಚ್ಚರ ಇರ್ತಾರ, ವಾಂತಿ ಬಂದ್ರ ತಾವೇ ಉಗೀತಾರ. ವಾಂತಿ ಬರದಂಗ ಒಂದು ಇಂಜೆಕ್ಷನ್ನೂ ಕೊಟ್ಟಿರ್ತೀನಿ."

ಧರ್ಮಣ್ಣ ಎದ್ದು ನಿಂತುಬಿಟ್ಟರು. "ನಂಗೆ ಬ್ಯಾಡ. ಮನೆಗೆ ಹೋಗ್ತೀನಿ," ಅಂದರು. ಹತ್ತು ವರ್ಷದಲ್ಲಿ ಎಂಥೆಂಥ ಘಾಟಿ, ಎಂಥೆಂಥ ಲಾರಿ ಎದುರಾದರೂ ಬೆವರದ ಮನುಷ್ಯನ ಕುತ್ತಿಗೆಯಲ್ಲಿ ಬೆವರು ಇಳಿಯುತ್ತಿತ್ತು.

ಡಾಕ್ಟರಮ್ಮನ ಸಿಟ್ಟು ಇಳಿದಿತ್ತು. ಬೆಂಚಿನ ಮೇಲೆ ಅವರ ಪಕ್ಕ ಕೂತರು. "ನೋಡ್ರಿ ಅಣ್ಣಾ, ಪೂರ್ತಿ ಮತ್ತು ಕೊಟ್ರ ನಿಮ್ಮ ಜೀವಾನೇ ನನ್ನ ಕೈಯಾಗ ಕೊಡಬೇಕಾಗ್ತತಿ. ಇವತ್ತು ಅಷ್ಟು ಬ್ಯಾಡ. ಕಾಲಷ್ಟೇ ಕೊಡ್ರಿ. ವಾಪಸ್ ಕೊಡದೆ ನಾನು ಈ ಊರು ಬಿಡಂಗಿಲ್ಲ." ಧರ್ಮಣ್ಣ ಅವರ ಮುಖ ನೋಡಿದರು, ಹೆಂಡತಿಯ ಮುಖ ನೋಡಿದರು. ಆಮೇಲೆ ಹೊರಗೆ ಹೋಗಿ ಕವಳ ಉಗಿದು, ಬಾಯಿ ತೊಳೆದುಕೊಂಡು ಬಂದರು.

ಒಳಗೆ ಏನಾಯಿತು ಅನ್ನುವುದನ್ನು ಆಮೇಲೆ ಡಾಕ್ಟರಮ್ಮನೇ ನನಗೆ ಹೇಳಿದ್ದು. ಬಗ್ಗಿ ಕೂರಿಸಿ ಸೂಜಿ ಹಾಕುವಾಗ ಧರ್ಮಣ್ಣ ಒಂದು ಚೂರೂ ಅಲ್ಲಾಡಲಿಲ್ಲವಂತೆ. ಕಾಲು ಬಿಸಿಯಾಗುತ್ತಾ ಬಂದು ಇಲ್ಲದಂತಾದಾಗ ಮಾತ್ರ, "ಹೋತು, ಹೋತು," ಅಂದರಂತೆ. ಬೋರಲು ಮಲಗಿಸಿ ಬೆನ್ನು ಕೊಯ್ಯುವ ಹೊತ್ತಿಗೆ ಎದೆ ಬಡಿತ ಸಿಕ್ಕಾಪಟ್ಟೆ ಏರಿತಂತೆ. ಡಾಕ್ಟರಮ್ಮ ತಲೆಯ ಹತ್ತಿರ ಸ್ಟೂಲು ಹಾಕಿಕೊಂಡು ಕೂತು, "ನಾನು ಈ ಕಡೆಗೆ ಹೊಸಬಳು. ಎನ್.ಆರ್.ಪುರದಿಂದ ಶೃಂಗೇರಿಗೆ ಹೆಂಗ ಹೋಗ್ಬೇಕು ಹೇಳ್ರಿ," ಅಂದರಂತೆ. ಧರ್ಮಣ್ಣ ಶುರು ಮಾಡಿದರಂತೆ. ಎಲ್ಲಿ ಗೇರ್ ಇಳಿಸಬೇಕು, ಎಲ್ಲಿ ಎದುರಿನ ಗಾಡಿ ಕಾಣುವುದಿಲ್ಲ, ಯಾವ ಸ್ಟಾಪಿನಲ್ಲಿ ಅಜ್ಜಿಯೊಬ್ಬಳು ಓಡಿ ಬರುತ್ತಾಳೆ, ಅವಳಿಗೆ ಒಂಚೂರು ಕಾಯಬೇಕು. "ನಿಮ್ಮ ಡ್ರೈವರು ಬಿಲ್ಲೆ ತೆಗೆಯೋ ಹೊತ್ತಿಗೆ ಕೊಪ್ಪ ದಾಟಿದ್ರು. ಹೊಲಿಗೆ ಮುಗಿಯೋದ್ರಾಗ ಶೃಂಗೇರಿ ಮುಟ್ಟಿದ್ರು," ಅಂದರು ಡಾಕ್ಟರಮ್ಮ. ನಗುತ್ತಲೇ ಹೇಳಿದರು, ಆದರೆ ಅವರ ಕಣ್ಣು ವಾರ್ಡಿನ ಬಾಗಿಲ ಕಡೆಗೇ ಇತ್ತು.

ಸರ್ಜನ್ನು, ನರದ ಮೇಲಿನ ಭಾರ ಪೂರ್ತಿ ತೆಗೆದಿದ್ದೇನೆ, ಎಷ್ಟು ಶಕ್ತಿ ವಾಪಸ್ಸು ಬರುತ್ತದೆ ಅನ್ನುವುದನ್ನು ಕಾಲೇ ಹೇಳಬೇಕು ಅಂತ ಹೇಳಿ ಕಾರು ಹತ್ತಿದರು. ಡಾಕ್ಟರಮ್ಮ ಹತ್ತಲಿಲ್ಲ. "ನಾ ಬಸ್ಸಿನಾಗ ಬರ್ತೀನಿ ಸರ್," ಅಂದರು. ಆಮೇಲೆ ಶುರುವಾಯಿತು ನೋಡಿ ಕಾಯುವುದು. ಅವತ್ತು ಮಧ್ಯಾಹ್ನದಷ್ಟು ಉದ್ದದ ಮಧ್ಯಾಹ್ನ ನನ್ನ ಜೀವಮಾನದಲ್ಲಿ ಇನ್ನೊಂದಿಲ್ಲ.

"ಸುಂದ್ರ, ನನ್ ಕಾಲು ಎಲ್ಲಿದೆ?" ಅಂತ ಕೇಳಿದರು ಧರ್ಮಣ್ಣ.

"ಇಲ್ಲೇ ಇದಾವೆ ಮಾರಾಯ್ರೆ, ನೆಟ್ಟಗೆ ಚಾಚಿದೀರಿ."

"ಸುಳ್ಳು ಹೇಳ್ಬೇಡ. ಮಡಚ್ಕಂಡು ಕೂತಂಗೆ ಕಾಣ್ತದೆ ನಂಗೆ."

ನಾನು ಹೊದಿಕೆ ಸರಿಸಿ ತೋರಿಸಿದೆ. ಎರಡು ಕಾಲೂ ನೆಟ್ಟಗೆ ಮಲಗಿದ್ದವು. ಅವರು ಅದನ್ನು ನೋಡಿ ಕಣ್ಣು ಮುಚ್ಚಿಕೊಂಡರು. ಲೀಲಕ್ಕ ಮಂಚದ ತುದಿಯಲ್ಲಿ ಕೂತು ಹೊದಿಕೆಯೊಳಗೆ ಕೈ ಹಾಕಿ ಬಲಗಾಲಿನ ಹೆಬ್ಬೆರಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದರು. ಆ ಕೈ ತೆಗೆಯಲೇ ಇಲ್ಲ. ಕಾಫಿ ತಂದುಕೊಟ್ಟರೆ ಇನ್ನೊಂದು ಕೈಯಲ್ಲಿ ಕುಡಿದರು.

ಬಿಸಿಲು ಇಳಿಯುವ ಹೊತ್ತಿಗೆ ಎಡಗಾಲಿನ ಬೆರಳುಗಳು ಅಲ್ಲಾಡಿದವು. ನಾನು ಖುಷಿಗೆ ಲೊಟ್ಟೆ ಪಟ್ಟಾಂಗ, ಹರಟೆ ಎಲ್ಲ ಶುರು ಮಾಡಿದೆ. ಎಡ ಮೊಣಕಾಲು ಮಡಚಿದರು. ಆಮೇಲೆ ಬಲ ತೊಡೆ ಬಂತು, ಬಲ ಮೊಣಕಾಲು ಬಂತು. ಪಾದ ಬರಲಿಲ್ಲ. ಡಾಕ್ಟರಮ್ಮ ಬಂದು ಬೆರಳು ಒತ್ತಿ, "ಎತ್ರೀ ಅಣ್ಣಾ," ಅಂದರು. ಇಲ್ಲ. ಮತ್ತೆ ಬಂದರು. ಇಲ್ಲ. ಮೂರನೇ ಸಲ ಒತ್ತಿ ನೋಡಿದವರು ಬಾಗಿಲ ಹತ್ತಿರ ಹೋಗಿ ನಿಂತುಕೊಂಡಾಗ ನನಗೆ ಅರ್ಥವಾಯಿತು. ಧರ್ಮಣ್ಣನಿಗೂ ಅರ್ಥವಾಗಿತ್ತು. ಗೋಡೆಯ ಕಡೆ ಮುಖ ತಿರುಗಿಸಿದರು.

ಆಗ ಲೀಲಕ್ಕ ಅಳಲಿಕ್ಕೆ ಶುರು ಮಾಡಿದರು. ಸದ್ದಿಲ್ಲ, ಕಣ್ಣಿಂದ ನೀರು ಧಾರಾಕಾರ. ನನಗೂ ತಡೆಯಲಿಕ್ಕಾಗಲಿಲ್ಲ. "ಅಕ್ಕ, ಸುಮ್ನಿರಿ, ಅವರೆದುರು ಅಳಬೇಡಿ," ಅಂದೆ. ಲೀಲಕ್ಕ ತಲೆ ಅಡ್ಡಡ್ಡ ಆಡಿಸಿದರು. "ಹೆಬ್ಬೆರಳು," ಅಂದರು. "ನನ್ ಕೈಯಲ್ಲಿ ಹೆಬ್ಬೆರಳು ಮಿಸುಕ್ತಾ ಇದೆ."

ಡಾಕ್ಟರಮ್ಮ ಓಡಿ ಬಂದು ಹೊದಿಕೆ ಎಳೆದರು. ನಾವೆಲ್ಲ ಬಗ್ಗಿ ನೋಡಿದೆವು. ಹೆಬ್ಬೆರಳು ನಿಜವಾಗಿಯೂ ಮೇಲೆ ಬಂತು, ಭತ್ತದ ಕಾಳಿನಷ್ಟು. ಬೆಳಿಗ್ಗೆ ಅಷ್ಟೂ ಇರಲಿಲ್ಲ. ಡಾಕ್ಟರಮ್ಮ ಧರ್ಮಣ್ಣನ ಪಾದದ ಮೇಲೆ ಒಂದು ಸಲ ಕೈ ಇಟ್ಟು, ಬ್ಯಾಗು ತೆಗೆದುಕೊಂಡು ಶಿವಮೊಗ್ಗದ ಕೊನೇ ಬಸ್ಸಿಗೆ ಹೊರಟರು. ಸೀಟು ಹಿಡಿದುಕೊಡಲಿಕ್ಕೆ ನಾನೇ ಹೋದೆ. ಆ ಬಸ್ಸಿನ ಕಂಡಕ್ಟರ್ ಹತ್ತಿರ, ಇವರು ನಮ್ಮ ಮನೆಯವರು, ಜೋಪಾನ ಅಂತ ಹೇಳಿ ಬಂದೆ.

ಮಳೆಗಾಲ ಪೂರ್ತಿ ಧರ್ಮಣ್ಣ ಕಾಲಿನ ಚಾಕರಿ ಮಾಡಿದರು. ಪಾದಕ್ಕೆ ಬಟ್ಟೆ ಕಟ್ಟಿ ಎಳೆಯುವುದು, ಬೆರಳಿನಿಂದ ಟವೆಲ್ಲು ಎತ್ತುವುದು, ಜಗಲಿಯ ಉದ್ದಕ್ಕೂ ಹಿಮ್ಮಡಿಯಲ್ಲಿ ನಡೆಯುವುದು. ನಾನು ಹೋದಾಗಲೆಲ್ಲ ಪಾದ ಎತ್ತಿ ತೋರಿಸುತ್ತಿದ್ದರು. ಪ್ರತಿ ಸಲವೂ ಒಂಚೂರು ಜಾಸ್ತಿ. ಚಪ್ಪಲಿ ಬೀಳುವುದು ನಿಂತಿತು. ದಸರಾ ಕಳೆದ ಮೇಲೆ ಸರ್ಜನ್ನು ನೋಡಿ, ಬೆನ್ನು ಚೆನ್ನಾಗಿದೆ, ಗಾಡಿ ಬಿಟ್ಟು ನೋಡಬಹುದು ಅಂದರು. ಮಾಲೀಕರು ಒಳ್ಳೆಯವರು, ಒಂದು ವಾರ ಬದಲಿ ಡ್ರೈವರೂ ಜೊತೆಗಿರಲಿ ಅಂತ ಹೇಳಿ ಕೀ ಕೊಟ್ಟರು.

ಅವತ್ತಿನ ಬೆಳಿಗ್ಗೆ! ಎನ್.ಆರ್.ಪುರ ಸ್ಟ್ಯಾಂಡಿನಲ್ಲಿ ಯಾರೋ ಬಸ್ಸಿಗೆ ಸೇವಂತಿಗೆ ಮಾಲೆ ಹಾಕಿದ್ದರು. ಹತ್ತಿದವರೆಲ್ಲ ಮುಂದೆ ಹೋಗಿ ಮಾತಾಡಿಸಿಯೇ ಕೂರುತ್ತಿದ್ದರು. "ಕಡೆಗೂ ಯಾವ ಮತ್ತು ಗೆದ್ದಿದ್ದು ಮಾರಾಯ್ರೆ?" ಅಂತ ಒಬ್ಬರು ಕೇಳಿದರು. "ಕವಳ ಗೆದ್ತು," ಅಂದರು ಧರ್ಮಣ್ಣ. ಬಸ್ಸಿಗೆ ಬಸ್ಸೇ ನಕ್ಕಿತು. ಗಾಡಿ ಹೊರಟಿತು. ಅದೇ ಓಟ, ಅದೇ ಹದ. ಟಿಕೆಟ್ ಕೊಡುತ್ತಾ ಕೊಡುತ್ತಾ ಆ ಬೆನ್ನು ನೋಡಿ ನನ್ನ ಎದೆ ತುಂಬಿ ಬಂತು.

ಕೊಪ್ಪಕ್ಕೆ ಇನ್ನೂ ಸ್ವಲ್ಪ ದೂರ ಇತ್ತು. ಒಂದು ಸ್ಕೂಲಿನ ಎದುರಿನ ಸ್ಟಾಪು. ಮಕ್ಕಳು ಸಾಲಾಗಿ ನಿಂತಿದ್ದರು. ಬಸ್ಸು ಬಂದು ನಿಲ್ಲಬೇಕಾದ ಜಾಗದಲ್ಲೇ, ಒಂದು ಗೇಣು ಆಚೀಚೆ ಇಲ್ಲದಂತೆ ನಿಂತಿತು. ಇಳಿಯುವವರು ಇಳಿದರು, ಮಕ್ಕಳು ಹತ್ತಿದರು. ಬಸ್ಸು ಮಾತ್ರ ಹೊರಡಲಿಲ್ಲ. ಇಂಜಿನ್ ಆಫ್ ಆಯಿತು. ಧರ್ಮಣ್ಣ ಹ್ಯಾಂಡ್ ಬ್ರೇಕ್ ಎಳೆದು, ಬಾಗಿಲು ತೆರೆದು ಕೆಳಗಿಳಿದರು.

ನಾನೂ ಗಾಬರಿಯಲ್ಲಿ ಇಳಿದು ಓಡಿದೆ. "ಎಂತಾತು? ಸೊಂಟ ಹಿಡೀತಾ?"

"ಸೊಂಟ ಸರಿ ಇದೆ."

"ಮತ್ತೆಂತ? ಸರಿಯಾಗೇ ನಿಲ್ಸಿದ್ರಲ್ಲ, ನಾನೇ ನೋಡಿದ್ನಲ್ಲ."

"ನಿಲ್ತು ಮಾರಾಯ. ಕಾಲಿಗೆ ಎರಡು ಸಲ ಹೇಳ್ಬೇಕಾತು," ಅಂದರು. ದನಿ ಶಾಂತವಾಗಿತ್ತು. "ಮೊದ್ಲಿನ ಸಲ ಹೇಳಿದ್ದು ಕೇಳ್ಲಿಲ್ಲ."

"ಸುಧಾರಿಸ್ತದೆ. ಇವತ್ತು ಮೊದ್ಲನೇ ದಿನ," ಅಂದೆ. ನನ್ನ ದನಿ ನನಗೇ ಭಿಕ್ಷೆ ಬೇಡುವವನ ಹಾಗೆ ಕೇಳಿತು. ಇನ್ನೊಂದು ತಿಂಗಳು ಬಿಟ್ಟು ನೋಡೋಣ, ಯಾರಿಗೂ ಗೊತ್ತಾಗಿಲ್ಲ, ಏನೂ ಆಗಿಲ್ಲ ಅಂತ ಬಾಯಿಗೆ ಬಂದದ್ದೆಲ್ಲ ಹೇಳಿದೆ. ಅವರು ಕಿಟಕಿಗಳಲ್ಲಿ ಕಾಣುತ್ತಿದ್ದ ಮುಖಗಳನ್ನು ಒಂದು ಸಲ ನೋಡಿದರು.

"ಈ ಕಾಲು ನಂಗೆ ಸಾಕು ಸುಂದ್ರ. ಡಾಕ್ಟ್ರಮ್ಮ ಕೊಟ್ಟ ಮಾತು ಉಳಿಸ್ಕಂಡ್ರು. ತೋಟಕ್ಕೆ ಹೋಗ್ಬಹುದು, ಸಂತೆಗೆ ಹೋಗ್ಬಹುದು. ಇಷ್ಟು ಜನಕ್ಕೆ ಈ ಕಾಲು ಸಾಲ್ದು."

ಬದಲಿ ಡ್ರೈವರನ ಕೈಗೆ ಕೀ ಕೊಟ್ಟರು. ಅವನು ಹೋಗಿ ಡ್ರೈವರ್ ಸೀಟಿನಲ್ಲಿ ಕೂತ. ಧರ್ಮಣ್ಣ ಬಸ್ಸಿನ ಸುತ್ತ ಬಂದು ಹಿಂದಿನ ಬಾಗಿಲಿನಿಂದ ಹತ್ತಿದರು. ಆ ಬಾಗಿಲಿನಿಂದ ಅವರು ಹತ್ತಿದ್ದನ್ನು ನಾನು ಅದೇ ಮೊದಲು ನೋಡಿದ್ದು. ಒಬ್ಬರು ಎದ್ದು ಸೀಟು ಬಿಟ್ಟುಕೊಟ್ಟರು. "ಕೂತ್ಕಳಿ, ನಿಲ್ಲಲಿಕ್ಕೆ ಬರ್ತದೆ ನಂಗೆ," ಅಂದು ಕಂಬಿ ಹಿಡಿದು ನಿಂತರು. ಅಂಗಿ ಜೇಬಿಗೆ ಕೈ ಹಾಕಿ, "ಕೊಪ್ಪಕ್ಕೆ ಒಂದು ಟಿಕೆಟ್ ಕೊಡು," ಅಂದರು.

"ಎಂತ ಮಾತಾಡ್ತೀರಿ ಮಾರಾಯ್ರೆ," ಅಂದೆ.

"ಹರಿ ಸುಂದ್ರ. ಪ್ಯಾಸೆಂಜರ್ ನಾನು."

ಹರಿದುಕೊಟ್ಟೆ. ಅವರು ಅದನ್ನು ಮಡಚಿ ಜೇಬಿಗೆ ಹಾಕಿಕೊಂಡರು. ಮುಂದೆ ಡ್ರೈವರ್ ನನ್ನ ಮಾತಿಗೆ ಕಾಯುತ್ತಾ ಕನ್ನಡಿಯಲ್ಲಿ ನೋಡುತ್ತಿದ್ದ. ನಾನು ಟಿಕೆಟ್ ಪುಸ್ತಕವನ್ನೇ ನೋಡುತ್ತಾ ನಿಂತಿದ್ದೆ. ಧರ್ಮಣ್ಣನೇ ಕೈ ಹೊರಗೆ ಹಾಕಿ ಬಸ್ಸಿನ ಮೈ ತಟ್ಟಿದರು.

"ರೈಟ್," ಅಂದರು. "ಹೋಗ್ಲಿ."